ಎರಡು ನಿಮಿಷದ ಕೂಗು

ಪರದೆಯ ಮೇಲಿನ ನೀಲಿ ಪಟ್ಟಿ ಒಂದು ಅಂಗುಲ ಓಡಿ ನಿಂತುಬಿಟ್ಟಿತು. ಅದರ ಕೆಳಗೆ, ಬರೆದದ್ದಕ್ಕೂ ಓದಿದ್ದಕ್ಕೂ ತಾಳೆಯಾಗುತ್ತಿಲ್ಲ ಎನ್ನುವ ಅದೇ ಇಂಗ್ಲಿಷ್ ಸಾಲು. ಬೆಳಗಿನಿಂದ ಆ ಸಾಲನ್ನು ಎಷ್ಟು ಸಲ ನೋಡಿದ್ದನೋ, ಈಗ ಅದು ಮೂಡುವ ಮುಂಚೆಯೇ ಚೇತನ್‌ಕುಮಾರನ ಬೆರಳು ಮತ್ತೆ ಒತ್ತಲು ಸಿದ್ಧವಾಗಿರುತ್ತಿತ್ತು. ಮೇಜಿನ ಮೇಲೆ ತಗಡಿನ ಪೆಟ್ಟಿಗೆಯೊಂದು ಮುಚ್ಚಳ ಬಿಚ್ಚಿಸಿಕೊಂಡು ಬಿದ್ದಿತ್ತು. ಅದರೊಳಗೆ ಅಂಗೈಯಗಲದ ಹಸಿರು ಬೋರ್ಡು, ಬೋರ್ಡಿನ ನಡುವೆ ನಲವತ್ತು ಕಾಲಿನ ಒಂದು ಕಪ್ಪು ಚಿಪ್. ಹಳೆಯ ಪ್ರಿಂಟರಿನ ವೈರು ಕತ್ತರಿಸಿ ತಾನೇ ಮಾಡಿಕೊಂಡ ಕೇಬಲ್ಲು ಕಂಪ್ಯೂಟರಿನ ಬೆನ್ನಿನಿಂದ ಹೊರಟು ಬೋರ್ಡಿಗೆ ಬಂದು ಸೇರಿತ್ತು. ಕಂಪ್ಯೂಟರಿನಲ್ಲಿ ಬರೆದ ಪ್ರೋಗ್ರಾಮು ಆ ಕೇಬಲ್ಲಿನಲ್ಲಿ ಇಳಿದು ಚಿಪ್‌ನೊಳಗೆ ಹೋಗಿ ಕೂರಬೇಕು. ಕೂರುತ್ತಿರಲಿಲ್ಲ. ಹೊರಗೆ ಜಗುಲಿಯ ಬೆಂಚಿನ ಮೇಲೆ ಭಾವ ಎರ್ರಿಸ್ವಾಮಿ ಕೂತಿದ್ದ. ಬೆಳಗಿನ ಮೊದಲ ಬಸ್ಸಿಗೆ ಹರಿಯಬ್ಬೆಯಿಂದ ಹಿರಿಯೂರಿಗೆ ಬಂದವನು, ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಎಡಗೈಯಲ್ಲಿ ಎದೆಗವುಚಿಕೊಂಡು ತಂದು, ಮೇಜಿನ ಮೇಲಿಟ್ಟು, ನನ್ನ ಕಣ್ಣೆದುರಿಗೆ ಒಂದು ಸಲ ಓಡಿಸಿ ತೋರಿಸು ಅಂದಿದ್ದ. ಅವನು ಕೇಳಿದ್ದು ಅಷ್ಟೇ. ಸಿಟ್ಟಿನಲ್ಲೂ ಕೇಳಿರಲಿಲ್ಲ. ಒಳಗೆ ಧೂಳು ಹೊಕ್ಕಿರುತ್ತೆ ಭಾವ, ಮೊದಲು ಒಂದಿಷ್ಟು ಕ್ಲೀನು ಮಾಡಬೇಕು ಎಂದು ಚೇತನ್‌ಕುಮಾರ್ ಹೇಳಿ, ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡು ಕೂತು ಬಹಳ ಹೊತ್ತಾಗಿತ್ತು.

ಪೆಟ್ಟಿಗೆ ಮಾಡಿದವನು ಅವನೇ. ಚಿತ್ರದುರ್ಗದ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಅವನು ಲ್ಯಾಬಿನ ಇನ್‌ಸ್ಟ್ರಕ್ಟರು. ಪಾಠ ಹೇಳುವವರು ಬೇರೆಯವರು. ಹುಡುಗರಿಗೆ ವೈರು ಮೀಟರು ಕೊಟ್ಟು ಸಂಜೆ ವಾಪಸ್ಸು ಪಡೆದು ಬೀರುವಿನೊಳಗಿಟ್ಟು ಬೀಗ ಹಾಕುವವನು ಇವನು. ಅಲ್ಲಿ ಅವನನ್ನು ಯಾರೂ ಸಾರ್ ಎಂದು ಮನಸಾರೆ ಕರೆದದ್ದಿಲ್ಲ. ಮನೆಗೆ ಬಂದು, ಲ್ಯಾಬಿನಲ್ಲಿ ಬಿಸಾಡಿದ ಸಾಮಾನಿನಿಂದ ಏನಾದರೊಂದು ಬೋರ್ಡು ಕಟ್ಟಿ, ಅದು ತಾನು ಹೇಳಿದಂತೆ ಒಂದು ದೀಪ ಹೊತ್ತಿಸಿ ಆರಿಸಿದಾಗ ಅವನಿಗೆ ತಾನೂ ಒಬ್ಬ ಮನುಷ್ಯ ಅನ್ನಿಸುತ್ತಿತ್ತು. ಹರಿಯಬ್ಬೆಯ ತೋಟಗಳಿಗೆ ಮೂರು ಫೇಸಿನ ಕರೆಂಟು ಒಂದು ವಾರ ರಾತ್ರಿ ಬಂದರೆ ಇನ್ನೊಂದು ವಾರ ಹಗಲು, ಅದೂ ಅದಕ್ಕೆ ಮನಸ್ಸು ಬಂದಾಗ. ಕಾದು ಕೂತು ಮೋಟರು ಹಾಕಲಾರದೆ ಎಲ್ಲರೂ ಕರೆಂಟು ಬಂದ ಕೂಡಲೇ ತಾನಾಗಿ ಶುರುವಾಗುವ ಆಟೋ ಹಾಕಿಸಿಕೊಂಡಿದ್ದರು. ಅಂಗಡಿಯ ಆ ಆಟೋಗಳನ್ನು ಕಂಡರೆ ಚೇತನ್‌ಕುಮಾರನಿಗೆ ಆಗುತ್ತಿರಲಿಲ್ಲ. ಕರೆಂಟಿಲ್ಲ ಅಂತ ಯಾರೋ ಮೋಟರಿನ ಹತ್ತಿರ ಕೈಹಾಕಿಕೊಂಡು ಕೂತಿರುತ್ತಾರೆ, ಹೇಳದೆ ಕೇಳದೆ ಎಳೆದುಬಿಡುತ್ತೆ, ಅದು ಮಾಡಿದವನಿಗೆ ಬುದ್ಧಿ ಬೇಡವೇ ಎಂದು ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ದೊಡ್ಡ ಭಾಷಣವನ್ನೇ ಬಿಗಿದಿದ್ದ. ತಾನು ಮಾಡುವುದು ಹಾಗಲ್ಲ. ಕರೆಂಟು ಬಂದ ಮೇಲೆ ಎರಡು ನಿಮಿಷ ಸೈರನ್ನು ಕೂಗುತ್ತದೆ, ತೋಟಕ್ಕೆಲ್ಲ ಕೇಳುವ ಹಾಗೆ, ಆಮೇಲೆಯೇ ಮೋಟರು. ಭಾವನ ತಂದೆ ಚಿಕ್ಕತಿಮ್ಮಪ್ಪ ತಲೆದೂಗಿದ್ದರು. ಅಕ್ಕ ಉಷಾರಾಣಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಅವಳ ಮುಖದಲ್ಲಿ ತವರುಮನೆಯ ಹೆಮ್ಮೆ ಕಾಣುತ್ತಿತ್ತು.

ಮತ್ತೆ ಒತ್ತಿದ. ಪಟ್ಟಿ ಓಡಿತು, ನಿಂತಿತು. ಗ್ರೌಂಡಿನ ವೈರು ಸರಿಯಾಗಿ ಕೂತಿಲ್ಲವೇನೋ ಎಂದು ಬೆಸುಗೆ ಕಡ್ಡಿ ಕಾಯಿಸಿ ಇನ್ನೊಮ್ಮೆ ಹಚ್ಚಿದ. ಕೇಬಲ್ಲು ಉದ್ದವಾಯಿತೇನೋ ಎಂದು ಅರ್ಧ ಕತ್ತರಿಸಿದ. ಕಂಪ್ಯೂಟರನ್ನು ಆರಿಸಿ, ಶುರುವಾಗುವಾಗ ಬರುವ ನೀಲಿ ಪುಟಕ್ಕೆ ಹೋಗಿ ಪೋರ್ಟಿನ ರೀತಿಯನ್ನು ಬದಲಾಯಿಸಿ ನೋಡಿದ. ಚಿಪ್ ಇದೆಯೇ ಎಂದು ಕೇಳಿದರೆ ಇದ್ದೇನೆ ಅನ್ನುತ್ತಿತ್ತು. ಅಳಿಸು ಎಂದರೆ ಅಳಿಸಿಕೊಳ್ಳುತ್ತಿತ್ತು. ಬರೆ ಎಂದ ಕೂಡಲೇ ಹಟ. ಅಳಿಸಿಕೊಳ್ಳುತ್ತಿದೆ ಎಂಬುದು ಅವನಿಗೆ ಹೊಳೆದದ್ದು ತಡವಾಗಿ. ಪ್ರತಿಸಲ ಬರೆಯುವ ಮುಂಚೆ ಚಿಪ್ ತನ್ನೊಳಗಿದ್ದದ್ದನ್ನೆಲ್ಲ ಅಳಿಸಿಕೊಳ್ಳುತ್ತದೆ. ಅಂದರೆ ಬೆಳಿಗ್ಗೆ ಮೊದಲ ಸಲ ಒತ್ತಿದಾಗಲೇ ಹಳೆಯದು ಹೋಗಿಯಾಗಿತ್ತು. ಆವತ್ತು ಭಾವನ ಕೈಯನ್ನು ಎಳೆದುಕೊಂಡದ್ದು ಈಗ ಈ ಕಪ್ಪು ಚಿಪ್‌ನೊಳಗೆ ಎಲ್ಲೂ ಇರಲಿಲ್ಲ. ಯಾರು ಬಂದು ಹೇಗೆ ಪರೀಕ್ಷೆ ಮಾಡಿದರೂ ಸಿಗುವಂತಿರಲಿಲ್ಲ. ಈ ಯೋಚನೆ ಬಂದಾಗ ಎದೆ ಹಗುರವಾಯಿತು, ಹಗುರವಾದದ್ದಕ್ಕೆ ತನ್ನ ಮೇಲೆ ಹೇಸಿಗೆಯೂ ಆಯಿತು. ಎರಡೂ ಒಟ್ಟಿಗೇ ಆಗುತ್ತವೆಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ.

ತಪ್ಪು ಬಹಳ ಸಣ್ಣದು. ಪೆಟ್ಟಿಗೆ ಕಟ್ಟುವಾಗ ಇದೇ ಮೇಜಿನ ಮೇಲೆ ಎಷ್ಟೋ ಸಲ ಓಡಿಸಿ ನೋಡಬೇಕಾಗುತ್ತಿತ್ತು. ಪ್ರತಿಸಲ ಎರಡೆರಡು ನಿಮಿಷ ಬಾಯಿ ಬಿಟ್ಟುಕೊಂಡು ಕಾಯುವವರು ಯಾರು? ಪ್ರೋಗ್ರಾಮಿನಲ್ಲಿ ನೂರಿಪ್ಪತ್ತು ಎಂದಿದ್ದ ಜಾಗದಲ್ಲಿ ಒಂದು ಎಂದು ಹಾಕಿಕೊಂಡಿದ್ದ. ನೂರಿಪ್ಪತ್ತು ಸೆಕೆಂಡಿನ ಬದಲು ಒಂದು ಸೆಕೆಂಡು. ಹೀಗೆ ಎಲ್ಲರೂ ಮಾಡುತ್ತಾರೆ, ಲ್ಯಾಬಿನಲ್ಲಿ ಹುಡುಗರಿಗೆ ಅವನೇ ಹೇಳಿಕೊಟ್ಟಿದ್ದ. ಕೊನೆಗೆ ಸರಿ ಮಾಡಿಕೊಳ್ಳಬೇಕು, ಅಷ್ಟೇ. ಹರಿಯಬ್ಬೆಗೆ ಹೋಗುವ ದಿನ ದಾರಿಯಲ್ಲಿ ಅಂಗಡಿಯಿಂದ ಸೈರನ್ನು ಕೊಂಡು, ತೋಟದ ಮೋಟರು ಮನೆಯಲ್ಲೇ ಅದನ್ನು ಪೆಟ್ಟಿಗೆಗೆ ಜೋಡಿಸಿದ. ಕರೆಂಟಿರಲಿಲ್ಲ. ಚಿಕ್ಕತಿಮ್ಮಪ್ಪ ನೋಡಿಸಿಕೊಂಡು ಬಂದಿದ್ದ ಹೊತ್ತು ಮೀರುತ್ತಿತ್ತು, ಆದ್ದರಿಂದ ಕರೆಂಟಿಗೆ ಕಾಯದೆ ಪೆಟ್ಟಿಗೆಗೆ ವಿಭೂತಿ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕಾಯಿ ಒಡೆದರು. ಆಮೇಲೆ ಚೇತನ್‌ಕುಮಾರನಿಗೆ ಏನೋ ಒಂದು ಬಾಕಿ ಇದೆ ಅನ್ನಿಸಿತ್ತು. ಅನ್ನಿಸಿತ್ತು ಎಂಬುದೇ ಈಗ ಕೊಲ್ಲುವುದು. ಮುಚ್ಚಳ ಬಿಚ್ಚಿ ಒಂದು ಸಲ ನೋಡಿಬಿಡುತ್ತೇನೆ ಎಂದು ಸ್ಕ್ರೂಡ್ರೈವರು ಕೈಗೆ ತೆಗೆದುಕೊಂಡೂ ಇದ್ದ. ಪೂಜೆಯಾದ ಯಂತ್ರವನ್ನು ಆ ದಿನ ಬಿಚ್ಚುವುದು ಅವರಲ್ಲಿ ಇಲ್ಲ. ಟ್ರ್ಯಾಕ್ಟರಿರಲಿ ಹೊಲಿಗೆ ಮಿಷನ್ನಿರಲಿ, ಕುಂಕುಮ ಬಿದ್ದ ಮೇಲೆ ಅದು ಶುರುವಾದ ಹಾಗೆಯೇ ಲೆಕ್ಕ. ಇವತ್ತು ಬಿಚ್ಚಬೇಡಪ್ಪ, ಮನೆಗೆ ಹೋಗಾಣ, ಹೋಳಿಗೆ ಆರ್ತವೆ ಎಂದು ಚಿಕ್ಕತಿಮ್ಮಪ್ಪ ಭುಜ ಹಿಡಿದು ಕರೆದುಕೊಂಡು ಹೋದರು. ಅವನೂ ಹೋದ. ಹೋಳಿಗೆ ಚೆನ್ನಾಗಿದ್ದವು. ಸಂಜೆ ಬಸ್ಸು ಹತ್ತುವ ಹೊತ್ತಿಗೆ ಬಾಕಿ ಏನೆಂಬುದು ಮರೆತೇ ಹೋಗಿತ್ತು.

ತಾಯಿ ರಂಗಕ್ಕ ಒಳಗಿನಿಂದ ಬಂದು, ಉಪ್ಪಿಟ್ಟು ಮಾಡಿ ಎಷ್ಟು ಹೊತ್ತಾಯ್ತು, ಅಳಿಯಂದಿರು ಮುಟ್ಟುತ್ತಿಲ್ಲ, ನೀನಾದರೂ ಹೇಳು ಎಂದಳು. ಚೇತನ್‌ಕುಮಾರ್ ಅರೆಬಾಗಿಲಿನಿಂದ ಇಣುಕಿದ. ಬೆಂಚಿನ ತುದಿಯಲ್ಲಿ ತಟ್ಟೆ, ತಟ್ಟೆಯಲ್ಲಿ ಚಮಚ. ಆ ಮನೆಗೆ ಬಂದ ನೆಂಟರಿಗೆ ರಂಗಕ್ಕ ಎಂದೂ ಚಮಚ ಕೊಟ್ಟವಳಲ್ಲ. ಊರಿಂದ ಬರುವಾಗ ಉಂಡೇ ಬಂದಿದ್ದೀನಿ ಎಂದು ಎರ್ರಿಸ್ವಾಮಿ ಮತ್ತೆ ಹೇಳಿದ. ಮೊದಲ ಬಸ್ಸಿಗೆ ಬಂದವನು ಯಾವಾಗ ಉಂಡಿರುತ್ತಾನೆ? ಅತ್ತೆಯ ಮನೆಯಲ್ಲಿ, ಅತ್ತೆಯ ಎದುರಿಗೆ, ಎಡಗೈಯಲ್ಲಿ ತಿನ್ನಲಾರದೆ ಹಸಿದುಕೊಂಡು ಕೂತಿದ್ದಾನೆ ಎಂಬುದು ರಂಗಕ್ಕನಿಗೂ ಗೊತ್ತು, ಮಗನಿಗೂ ಗೊತ್ತು, ಮೂವರೂ ಗೊತ್ತಿಲ್ಲದವರಂತೆ ಇದ್ದರು. ಬಲಗೈಯನ್ನು ಅವನು ಟವೆಲಿನ ಒಳಗೆ ಮಡಿಸಿಟ್ಟುಕೊಂಡಿದ್ದ. ಅದರಲ್ಲಿ ಹೆಬ್ಬೆರಳೊಂದು ಉಳಿದಿತ್ತು.

ಪೂಜೆಯಾದ ಮಾರನೆಯ ಬೆಳಿಗ್ಗೆ ಅದು, ಆ ವಾರ ಹಗಲಿನ ಪಾಳಿ. ತೋಟದಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಕರೆಂಟು ಬಂದು ಹೋಗಿತ್ತು, ಮೋಟರಿನಿಂದ ಪಂಪಿಗೆ ಹೋಗುವ ಬೆಲ್ಟು ಕಳಚಿಕೊಂಡು ಬಿದ್ದಿತ್ತು. ಮೇನ್ ಸ್ವಿಚ್ಚು ಆರಿಸಿಯೇ ಕೈಹಾಕಬೇಕು. ಆದರೆ ಆ ಸೀಮೆಯಲ್ಲಿ ಕರೆಂಟು ಇಲ್ಲದಾಗ ಮೇನು ಆರಿಸುವವರನ್ನು ಯಾರೂ ಕಂಡಿಲ್ಲ. ಮೇಲಾಗಿ ಸೈರನ್ನು ಇದೆಯಲ್ಲ. ಕೂಗಿದರೆ ಎದ್ದು ಈಚೆಗೆ ಬಂದರಾಯಿತು ಎಂಬ ಧೈರ್ಯದಲ್ಲೇ ಎರ್ರಿಸ್ವಾಮಿ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೆಲ್ಟನ್ನು ಏರಿಸುತ್ತಿದ್ದ. ಅಷ್ಟರಲ್ಲಿ ಕರೆಂಟು ಬಂದು ಮೋಟರು ಎಳೆಯಿತು. ಹಿರಿಯೂರಿನ ಆಸ್ಪತ್ರೆಯಿಂದ ದಾವಣಗೆರೆಗೆ ಕರೆದೊಯ್ಯುವ ವ್ಯಾನು ಹೊರಡುವ ಗಡಿಬಿಡಿಯಲ್ಲಿ ಉಷಾರಾಣಿ ತಮ್ಮನ ಅಂಗಿ ಹಿಡಿದು, ನಿನ್ನ ಸೈರನ್ನು ಕೂಗಲಿಲ್ಲವೇನೋ ಎಂದು ಕೇಳಿದ್ದಳು. ಅವಳ ಕೈಯಲ್ಲಿ ಗಂಡನ ರಕ್ತವಿತ್ತು. ಚೇತನ್‌ಕುಮಾರ್ ಆಗ ಸುಳ್ಳು ಹೇಳಲಿಲ್ಲ. ಅವನಿಗೆ ಗೊತ್ತಿದ್ದದ್ದನ್ನೇ ಹೇಳಿದ, ಸ್ವಲ್ಪ ಗಟ್ಟಿಯಾಗಿ, ಸುತ್ತ ನಿಂತವರಿಗೆ ಕೇಳುವಂತೆ ಹೇಳಿದ. ಎರಡು ನಿಮಿಷ ಕೂಗುತ್ತೆ ಅಕ್ಕ, ಕೂಗಿದ ಮೇಲೇ ಮೋಟರು ಎಳೆಯೋದು. ಆ ಮಾತು ಎರ್ರಿಸ್ವಾಮಿಗಿಂತ ಮುಂಚೆ ಹರಿಯಬ್ಬೆ ಮುಟ್ಟಿತು. ಎರಡು ನಿಮಿಷ ಕೂಗಿದರೂ ಏಳದವನು ಎಂಥವನು? ಎರ್ರಿಸ್ವಾಮಿಗೆ ಸಂಜೆ ಹೊತ್ತು ಒಂದು ಪ್ಯಾಕೆಟ್ಟು ಸಾರಾಯಿ ಕುಡಿಯುವ ಅಭ್ಯಾಸವಿತ್ತು. ಊರಿನವರು ಆ ಸಂಜೆಯನ್ನು ತಂದು ಬೆಳಿಗ್ಗೆಗೆ ಅಂಟಿಸಿದರು. ದಾವಣಗೆರೆಯಿಂದ ಅವನು ವಾಪಸ್ಸು ಬರುವ ಹೊತ್ತಿಗೆ ಕುಡಿದು ಕೂತು ಕೈ ಕಳೆದುಕೊಂಡ ಎಂಬುದು ಹೋಟೆಲಿನಲ್ಲೂ ಹಾಲಿನ ಡೇರಿಯಲ್ಲೂ ತೀರ್ಮಾನವಾಗಿತ್ತು.

ಚೇತನ್‌ಕುಮಾರನಿಗೆ ಆ ಒಂದು ಎಂಬ ಅಂಕಿ ನೆನಪಾದದ್ದು ಎಷ್ಟೋ ದಿನದ ಮೇಲೆ, ಲ್ಯಾಬಿನಲ್ಲಿ, ಊಟದ ಬಿಡುವಿನಲ್ಲಿ. ಯಾರೋ ಹುಡುಗ ದೀಪ ಮಿನುಗಿಸುತ್ತ, ಸಾರ್ ಟೈಮು ಕಮ್ಮಿ ಮಾಡ್ಕಂಡೀನಿ, ಆಮೇಲೆ ಸರಿ ಮಾಡ್ತೀನಿ ಅಂದ. ಬುತ್ತಿಯ ಮುಚ್ಚಳ ಕೈಯಲ್ಲೇ ಉಳಿಯಿತು. ಆಗಲೇ ಬಾಯಿ ಬಿಡಬಹುದಿತ್ತು. ಈ ಭಾನುವಾರ ಹೋಗಿ ಹೇಳುತ್ತೇನೆ ಅಂದುಕೊಂಡ, ಅಕ್ಕನಿಗೆ ಮೊದಲು ಹೇಳಲೋ ಭಾವನಿಗೋ ಎಂದು ಬಸ್ಸಿನಲ್ಲಿ ಚಿತ್ರದುರ್ಗದಿಂದ ಹಿರಿಯೂರಿಗೆ ಬರುವಾಗೆಲ್ಲ ಮಾತು ಜೋಡಿಸಿದ. ಜೋಡಿಸುತ್ತ ಜೋಡಿಸುತ್ತ ಮಾತು ಎಷ್ಟು ಚೆನ್ನಾಗಿ ಆಗುತ್ತಿತ್ತೆಂದರೆ ಹೇಳಿಯೇ ಆಯಿತೇನೋ ಎನ್ನುವ ಸಮಾಧಾನ ಬಂದು, ಬಸ್ಸು ಇಳಿದು ಮನೆಗೆ ಹೋಗಿ ಉಂಡು ಮಲಗುತ್ತಿದ್ದ. ಹೇಳಿದರೆ ಅಕ್ಕ ಆ ಮನೆಯಲ್ಲಿ ಬಾಳುವುದು ಹೇಗೆ, ಗಂಡನ ಕೈ ತೆಗೆದವನ ಅಕ್ಕ ಎಂದು ದಿನಾ ಅನ್ನಿಸಿಕೊಂಡು? ಅಕ್ಕನಿಗಾಗಿಯೇ ಸುಮ್ಮನಿದ್ದೇನೆ ಎಂಬುದು ಅವನಿಗೆ ಸಿಕ್ಕ ಒಳ್ಳೆಯ ಕಾರಣ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಇತ್ತ ಅಕ್ಕನೇ ಗಂಡನನ್ನು ಕಿವುಡ, ಕುಡುಕ ಎಂದು ಎಲ್ಲರೆದುರಿಗೆ ಅನ್ನತೊಡಗಿದ್ದಳು. ಚಿಕ್ಕತಿಮ್ಮಪ್ಪ ಮೋಟರು ಮನೆಯ ಕೀಯನ್ನು ಹಿರಿಮಗನಿಂದ ತೆಗೆದುಕೊಂಡು ಕಿರಿಮಗನ ಕೈಗೆ ಕೊಟ್ಟಿದ್ದರು. ಆವತ್ತೇ ಪೆಟ್ಟಿಗೆಯ ವೈರು ಕಿತ್ತಿದ್ದರು, ಮೋಟರನ್ನು ಈಗ ಕೈಯಲ್ಲೇ ಹಾಕುತ್ತಿದ್ದರು. ತೋಟದ ಕೆಲಸಕ್ಕೆ ಬಂದ ಆಳುಗಳು ಎರ್ರಿಸ್ವಾಮಿ ಹೇಳಿದ್ದನ್ನು ಮಾಡುವ ಮುಂಚೆ ತಮ್ಮನ ಮುಖ ನೋಡುತ್ತಿದ್ದರು. ಕೈ ಹೋದದ್ದಕ್ಕಿಂತ ಅವನನ್ನು ತಿನ್ನುತ್ತಿದ್ದದ್ದು ಇದು. ಸೈರನ್ನು ಕೂಗಲಿಲ್ಲ ಎಂದು ಅವನು ಒಬ್ಬನೇ ಹೇಳುತ್ತಿದ್ದ. ಯಾರೂ ಕಿವಿಗೊಡಲಿಲ್ಲ, ಕೊನೆಗೆ ಮೋಟರು ಮನೆಯ ಗೋಡೆಯಿಂದ ಪೆಟ್ಟಿಗೆ ಬಿಚ್ಚಿಸಿಕೊಂಡು ತಾನೇ ಹೊತ್ತು ತಂದಿದ್ದ.

ಮತ್ತೆ ಒತ್ತಿದಾಗ ಪೆಟ್ಟಿಗೆಯ ಪಕ್ಕಕ್ಕೆ ಜೋಡಿಸಿದ್ದ ಸೈರನ್ನು ಚಿಕ್ ಎಂದಿತು. ಬೆಳಗಿನಿಂದಲೂ ಒತ್ತಿದಾಗೆಲ್ಲ ಏನೋ ಚಿಕ್ಕದೊಂದು ಸದ್ದು ಮಾಡುತ್ತಲೇ ಇತ್ತು, ಅವನು ಲಕ್ಷ್ಯ ಕೊಟ್ಟಿರಲಿಲ್ಲ. ಈ ಸಲ ಸ್ವಲ್ಪ ಜೋರಾಗಿ ಬಂತು. ಬಾಗಿಲು ಸರಿಯಿತು. ಎರ್ರಿಸ್ವಾಮಿ ಹೊಸ್ತಿಲಲ್ಲಿ ನಿಂತಿದ್ದ.

“ಇದೇ ಸದ್ದು,” ಅಂದ. “ಗುಬ್ಬಿ ಕೂಗ್ದಂಗೆ ಒಂದು ಸಲ ಚಿಕ್ ಅಂತು. ತಲೆ ಎತ್ತಿದೆ, ಕೈ ಹೋಗಿತ್ತು. ನಾನು ಎಲ್ರಿಗೂ ಇದನ್ನೇ ಹೇಳಿದ್ದು.”

ಚೇತನ್‌ಕುಮಾರನ ಕೈ ಕೀಬೋರ್ಡಿನ ಮೇಲೇ ನಿಂತಿತು. ಒಂದು ಸೆಕೆಂಡು. ಈ ಮನುಷ್ಯ ಆ ಒಂದು ಸೆಕೆಂಡನ್ನು ಕೇಳಿಸಿಕೊಂಡಿದ್ದಾನೆ, ಸರಿಯಾಗಿ ನೆನಪಿಟ್ಟುಕೊಂಡಿದ್ದಾನೆ, ಊರಿಗೆ ಊರೇ ನಕ್ಕರೂ ಬಿಟ್ಟುಕೊಟ್ಟಿಲ್ಲ. ಈಗ ಹೇಳು ಎಂದು ಒಳಗಿನಿಂದ ಯಾರೋ ನೂಕಿದರು. ಹೌದು ಭಾವ, ನೀವು ಕೇಳಿದ್ದು ನಿಜ ಎಂದು ಎರಡು ಮಾತು. ಬಾಯಿಂದ ಬಂದದ್ದು ಬೇರೆ. ಇದು ಪ್ರೋಗ್ರಾಮು ತುಂಬುವಾಗ ಬರುವ ಸದ್ದು ಭಾವ, ಕಂಪ್ಯೂಟರಿಗೆ ಹಚ್ಚಿದಾಗ ಮಾತ್ರ ಬರುತ್ತೆ, ತೋಟದಲ್ಲಿ ಬರೋಕೆ ಸಾಧ್ಯವಿಲ್ಲ ಎಂದ. ಅವನ ದನಿ ಲ್ಯಾಬಿನಲ್ಲಿ ಹುಡುಗರಿಗೆ ಹೇಳುವ ದನಿಯಾಗಿತ್ತು. ಎರ್ರಿಸ್ವಾಮಿ ಸ್ವಲ್ಪ ಹೊತ್ತು ಬೋರ್ಡನ್ನೂ ವೈರುಗಳನ್ನೂ ನೋಡಿದ. ಇವೆಲ್ಲ ತನಗೆ ತಿಳಿಯುವಂಥದ್ದಲ್ಲ ಎಂದು ಅವನ ಮುಖ ಒಪ್ಪಿಕೊಳ್ಳುತ್ತಿರುವುದು ಚೇತನ್‌ಕುಮಾರನಿಗೆ ಕಾಣಿಸಿತು. ತುಂಬೋದು ಅಂದರೆ ಏನು, ಮೊದಲೇ ಒಳಗೆ ಇರಲಿಲ್ಲವಾ ಎಂದು ಮಾತ್ರ ಕೇಳಿದ. ಇತ್ತು, ಬಿಚ್ಚಿದಾಗ ಅಳಿಸಿಹೋಗುತ್ತೆ, ಅದನ್ನೇ ವಾಪಸ್ಸು ಹಾಕ್ತಾ ಇದೀನಿ ಎಂದು ಚೇತನ್‌ಕುಮಾರ್ ಹೇಳಿದ. ಹೌದಾ ಎಂದು ಎರ್ರಿಸ್ವಾಮಿ ತಲೆಯಾಡಿಸಿದ. ಹೊರಗೆ ಹೋಗಿ ಕೂರಲಿಲ್ಲ, ಗೋಡೆಗೆ ಒರಗಿ ಅಲ್ಲೇ ನೆಲದ ಮೇಲೆ ಕೂತ.

ಬೆನ್ನ ಹಿಂದೆ ಅವನ ಉಸಿರು ಕೇಳುತ್ತಿತ್ತು. ಚಿಪ್ ಸುಟ್ಟುಹೋಗಿದೆ ಎಂದುಬಿಟ್ಟರೆ ಹೇಗೆ? ಅದು ಒಂದು ದಾರಿ. ಪೆಟ್ಟಿಗೆ ಸತ್ತಿದೆ, ಇನ್ನು ಏನನ್ನೂ ತೋರಿಸುವುದಕ್ಕೆ ಆಗುವುದಿಲ್ಲ ಎಂದರೆ ಆವತ್ತು ಕೂಗಿತೋ ಇಲ್ಲವೋ ಎಂಬುದು ಯಾರಿಗೂ ಗೊತ್ತಾಗದೆ ಉಳಿಯುತ್ತದೆ. ಅನುಮಾನದ ಲಾಭವನ್ನಾದರೂ ಭಾವ ಹೊತ್ತುಕೊಂಡು ಹೋಗಲಿ. ಪೂರ್ತಿ ನಿಜ ಕೊಡಲಾರದವನು ಅರ್ಧವಾದರೂ ಕೊಟ್ಟ ಹಾಗಾಗುತ್ತದೆ. ಹೇಳುವುದಕ್ಕೆ ತಿರುಗಬೇಕು ಎಂದುಕೊಂಡ. ಆದರೆ ಕಣ್ಣು ಪರದೆಯಿಂದ ಕದಲಲಿಲ್ಲ. ಬರೆದದ್ದು ಎರಡು, ಓದಿದ್ದು ಎರಡುನೂರೈವತ್ತೈದು, ಅಂದರೆ ಏನೂ ಬರೆಯದ ಖಾಲಿ ಜಾಗ. ಯಾಕೆ? ಎರಡು ತಿಂಗಳ ಹಿಂದೆ ಇದೇ ಚಿಪ್, ಇದೇ ಕೇಬಲ್ಲು, ಇದೇ ಕಂಪ್ಯೂಟರು. ಆಗ ಒಂದೇ ಏಟಿಗೆ ಬರೆಸಿಕೊಳ್ಳುತ್ತಿತ್ತು. ಈಗ ಯಾಕಿಲ್ಲ? ನಾಚಿಕೆಗೆಟ್ಟ ಮಾತೆಂದರೆ ಇದು. ಈ ಪ್ರಶ್ನೆ ಅವನನ್ನು ಪೂರ್ತಿ ನುಂಗಿತು. ಚಿಪ್ ಸುಟ್ಟಿದೆ ಎನ್ನುವುದು ಅವನ ಬಾಯಲ್ಲಿ ಬರಲಿಲ್ಲ, ಸುಟ್ಟಿರಲಿಲ್ಲವಲ್ಲ. ತಾನು ಮಾಡಿದ್ದು ತನಗೇ ಅರ್ಥವಾಗದೆ ಹಟ ಮಾಡುತ್ತಿರುವುದನ್ನು ಅವನು ಸಹಿಸಲಾರದೆ ಹೋದ. ಅಡಾಪ್ಟರಿನ ವೋಲ್ಟೇಜು ಅಳೆದ, ಸರಿಯಿತ್ತು. ಚಿಪ್‌ಗೆ ತಾಳ ಕೊಡುವ ಹರಳನ್ನು ಬದಲಾಯಿಸಿದ. ಕೇಬಲ್ಲಿನ ಒಂದೊಂದು ತಂತಿಯನ್ನೂ ಮೀಟರಿನಲ್ಲಿ ಮುಟ್ಟಿಸಿ ಕೀ ಎನ್ನಿಸಿದ. ರಂಗಕ್ಕ ಟೀ ತಂದಿಟ್ಟು ಹೋದದ್ದು, ಎರ್ರಿಸ್ವಾಮಿ ತಾನೂ ಕುಡಿಯದೆ, ನೀನು ಕುಡಿ ತಣ್ಣಗಾಗ್ತೈತೆ ಅಂದದ್ದು ಯಾವುದೂ ಕಿವಿಯ ಒಳಕ್ಕೆ ಹೋಗಲಿಲ್ಲ. ಆ ಹೊತ್ತು ಚೇತನ್‌ಕುಮಾರನ ಮನಸ್ಸಿನಲ್ಲಿ ಕೈ ಇರಲಿಲ್ಲ, ರಕ್ತವಿರಲಿಲ್ಲ, ಅಕ್ಕ ಇರಲಿಲ್ಲ. ಕೇಳಿದ್ದರೆ ಅವನು ಸುಖವಾಗಿದ್ದೇನೆ ಎಂದೇ ಹೇಳುತ್ತಿದ್ದನೇನೋ.

ಹೊಳೆದದ್ದು ಆ ಚಿಕ್ ಎನ್ನುವ ಸದ್ದಿನಿಂದಲೇ. ಪ್ರೋಗ್ರಾಮು ಹೋಗುವ ಹೊತ್ತಿಗೆ ಸೈರನ್ನು ಯಾಕೆ ಚಿಕ್ ಎನ್ನಬೇಕು? ಕೇಬಲ್ಲಿನ ಒಂದು ತಂತಿ ಚಿಪ್‌ನ ಯಾವ ಕಾಲಿಗೆ ಹೋಗುತ್ತದೋ ಅದೇ ಕಾಲಿನಿಂದ ಸೈರನ್ನಿಗೂ ವೈರು ಎಳೆದಿದ್ದ. ಬೇರೆ ಕಾಲುಗಳೆಲ್ಲ ತುಂಬಿಹೋಗಿದ್ದವು, ಅವಸರದಲ್ಲಿ ತೋಟದಲ್ಲಿ ಕೂತು ಜೋಡಿಸಿದ್ದು. ಕಂಪ್ಯೂಟರು ಆ ಕಾಲಿನಲ್ಲಿ ಹೇಳುವುದನ್ನೆಲ್ಲ ಸೈರನ್ನು ತನಗೇ ಹೇಳಿದ್ದೆಂದು ಎಳೆದುಕೊಳ್ಳುತ್ತಿದೆ, ಚಿಪ್‌ಗೆ ಮುಟ್ಟುತ್ತಿಲ್ಲ. ಎರಡು ತಿಂಗಳ ಹಿಂದೆ ಈ ಮೇಜಿನ ಮೇಲೆ ಸೈರನ್ನೇ ಇರಲಿಲ್ಲ. ಇಷ್ಟೇ. ಇದಕ್ಕಾಗಿ ಬೆಳಗಿನಿಂದ! ಸೈರನ್ನಿನ ಕೆಂಪು ವೈರನ್ನು ಎಳೆದು ಕಿತ್ತು, ಒತ್ತಿದ. ಪಟ್ಟಿ ಒಂದು ಅಂಗುಲ ದಾಟಿತು, ಅರ್ಧ ದಾಟಿತು, ಕೊನೆ ಮುಟ್ಟಿತು. ಬರೆದದ್ದಕ್ಕೂ ಓದಿದ್ದಕ್ಕೂ ತಾಳೆಯಾಗಿದೆ. ಚೇತನ್‌ಕುಮಾರ್ ಮೇಜು ಗುದ್ದಿ, ಬಂತು ಭಾವ, ಬಂತು ಎಂದು ತಿರುಗಿದ. ಅವನ ಮುಖದ ತುಂಬ ನಗು ಇತ್ತು. ಆ ನಗುವನ್ನು ನೋಡಿ, ಯಾಕೆಂದು ತಿಳಿಯದಿದ್ದರೂ, ನೆಲದ ಮೇಲೆ ಕೂತಿದ್ದ ಎರ್ರಿಸ್ವಾಮಿಯೂ ನಕ್ಕ. ದಾವಣಗೆರೆಯಿಂದ ಬಂದ ಮೇಲೆ ಭಾವ ನಕ್ಕದ್ದನ್ನು ಅವನು ನೋಡಿದ್ದು ಅದೇ ಮೊದಲು.

ಆಮೇಲೆ ಎಲ್ಲವೂ ವಾಪಸ್ಸು ಬಂದು ಎದೆಯ ಮೇಲೆ ಕೂತವು. ತಾನು ಒಳಗೆ ಹಾಕಿದ್ದು ನೂರಿಪ್ಪತ್ತು. ಎರ್ರಿಸ್ವಾಮಿ ಎದ್ದು ಹತ್ತಿರ ಬಂದು ನಿಂತು, ಹಾಗಾದರೆ ಈಗ ಓಡಿಸು ಅಂದ. ಕೆಂಪು ವೈರನ್ನು ಮತ್ತೆ ಜೋಡಿಸಬೇಕಾಯಿತು. ಮೋಟರಿನ ಜಾಗಕ್ಕೆ ಒಂದು ಬಲ್ಬು ಹಚ್ಚಿದ, ಬಲ್ಬು ಹೊತ್ತಿದರೆ ಮೋಟರು ಎಳೆಯಿತು ಅಂತ ತಿಳ್ಕೋಬೇಕು ಎಂದು ವಿವರಿಸಿದ. ಈಗಲೂ ಪ್ಲಗ್ಗು ಹಾಕದೆ ಇರಬಹುದಿತ್ತು. ಎರ್ರಿಸ್ವಾಮಿ ಟವೆಲು ಸರಿಸಿದ್ದ, ಹೆಬ್ಬೆರಳೊಂದೇ ಇದ್ದ ಆ ಕೈಯನ್ನು ಮೊದಲ ಸಲ ಇನ್ನೊಬ್ಬರೆದುರಿಗೆ ಬಿಟ್ಟುಕೊಂಡು ನಿಂತಿದ್ದ. ಅವನ ಕಣ್ಣಲ್ಲಿ ಒಂದು ಆಸೆ ಇತ್ತು. ಈಗ ಒಂದು ಸಲ ಚಿಕ್ ಎಂದು ಬಲ್ಬು ಹೊತ್ತಿಕೊಳ್ಳಲಿ, ಹೊತ್ತಿಕೊಂಡುಬಿಟ್ಟರೆ ಊರಿಗೆ ಹೋಗಿ ಅಪ್ಪನೆದುರಿಗೆ ನಿಂತು ಕೀ ಕೇಳುತ್ತೇನೆ ಎಂಬ ಆಸೆ. ಚೇತನ್‌ಕುಮಾರ್ ಪ್ಲಗ್ಗು ಹಾಕಿದ.

ಸೈರನ್ನು ಕೂಗಿತು. ಹತ್ತಡಿಯ ಆ ಕೋಣೆಯಲ್ಲಿ ಅದು ಕೂಗುವುದನ್ನು ಅವನೂ ಎಂದೂ ಕೇಳಿರಲಿಲ್ಲ. ರಂಗಕ್ಕ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಿಗೆ ಬಂದು ಏನೋ ಕೇಳಿದಳು, ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. ಪಕ್ಕದ ಮನೆಯ ಜಯಕ್ಕ ಕಾಂಪೌಂಡಿನ ಮೇಲಿಂದ ಇಣುಕಿದಳು. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲು ನಿಂತಿತು. ಕೂಗುತ್ತಲೇ ಇತ್ತು. ಎರಡು ನಿಮಿಷ ಎಂದು ಎಷ್ಟು ಸುಲಭವಾಗಿ ಹೇಳುತ್ತಿದ್ದೆ, ಎಷ್ಟು ಉದ್ದ ಇದು ಎಂದು ಚೇತನ್‌ಕುಮಾರನಿಗೆ ಅನ್ನಿಸಿತು. ಇಷ್ಟರಲ್ಲಿ ಒಬ್ಬ ಮನುಷ್ಯ ಬೆಲ್ಟು ಬಿಟ್ಟು, ಎದ್ದು, ಸೊಂಟ ಹಿಡಿದುಕೊಂಡು ನೆಟ್ಟಗಾಗಿ, ಮೋಟರು ಮನೆಯಿಂದ ಈಚೆಗೆ ಬಂದು, ಬದುವಿನ ಮೇಲೆ ನಿಂತು ಬೀಡಿ ಹಚ್ಚಬಹುದಿತ್ತು. ಎರ್ರಿಸ್ವಾಮಿ ಕಿವಿ ಮುಚ್ಚಿಕೊಳ್ಳಲಿಲ್ಲ. ಮೊದಲು ಅವನು ಬಲ್ಬನ್ನು ನೋಡುತ್ತಿದ್ದ. ಆಮೇಲೆ ಸೈರನ್ನನ್ನು ನೋಡಿದ. ಆಮೇಲೆ ಮುಖ ಕೆಳಗೆ ಹಾಕಿದ. ಕೂಗು ನಿಂತಿತು, ಬಲ್ಬು ಹೊತ್ತಿತು.

“ಇಷ್ಟೊತ್ತು ಕೂಗೈತಾ ಆವತ್ತು?” ಎಂದ ಎರ್ರಿಸ್ವಾಮಿ. ಅದು ಪ್ರಶ್ನೆಯಂತಿರಲಿಲ್ಲ.

ಚೇತನ್‌ಕುಮಾರ್ ಪ್ಲಗ್ಗು ಕೀಳುವ ನೆಪದಲ್ಲಿ ಬಗ್ಗಿದ. ಎರ್ರಿಸ್ವಾಮಿ ಉತ್ತರಕ್ಕೆ ಕಾಯಲಿಲ್ಲ. ಅಂದು ಬೆಳಿಗ್ಗೆ ತಾನು ಕುಡಿದಿರಲಿಲ್ಲ ಎಂದು ದೇವರ ಮೇಲೆ ಆಣೆ ಹಾಕುವುದಕ್ಕೂ ಇನ್ನು ಧೈರ್ಯವಿಲ್ಲ, ಇಷ್ಟು ದೊಡ್ಡ ಕೂಗು ಕಿವಿಗೆ ಬೀಳಲಿಲ್ಲವೆಂದರೆ ತನ್ನ ತಲೆಯೇ ನೆಟ್ಟಗಿಲ್ಲ, ಹಿಂದಿನ ರಾತ್ರಿಯದು ಏನಾದರೂ ಉಳಿದಿತ್ತೋ ಏನೋ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಟವೆಲನ್ನು ತೆಗೆದು ಬಲಗೈಗೆ ಸುತ್ತಿದ. ಸುತ್ತುವುದು ಒಂದೇ ಕೈಯಲ್ಲಿ ಸರಿಯಾಗದೆ ಹಲ್ಲಿನಲ್ಲಿ ತುದಿ ಕಚ್ಚಿ ಎಳೆದ. ಆಮೇಲೆ ಚೇತನ್‌ಕುಮಾರನ ಹತ್ತಿರ ಬಂದು, ಎಡಗೈಯನ್ನು ಅವನ ಹೆಗಲ ಮೇಲಿಟ್ಟ.

“ನಿನ್ ಮೇಲೆ ಅನುಮಾನ ಪಟ್ಟೆ ಕಣಪ್ಪ. ಮನಸ್ಸಿಗೆ ಹಚ್ಕಬೇಡ. ಉಷಾಗೆ ಒಂದು ಫೋನ್ ಹಾಕ್ಕೊಡು, ನಾನೇ ಹೇಳ್ತೀನಿ.”

ಫೋನು ನಡುಮನೆಯ ಗೂಡಿನಲ್ಲಿತ್ತು. ಚೇತನ್‌ಕುಮಾರ್ ನಂಬರು ಒತ್ತಿ ರಿಸೀವರನ್ನು ಭಾವನ ಕೈಗೆ ಕೊಟ್ಟು, ಹೋಗಲಾರದೆ ಅಲ್ಲೇ ನಿಂತ. ಸೈರನ್ನು ಕೂಗಿತು, ನನ್ನ ಕಣ್ಣೆದುರಿಗೇ ಕೂಗಿತು ಎಂದು ಎರ್ರಿಸ್ವಾಮಿ ಹೇಳುತ್ತಿದ್ದ. ನೀನು ಹೇಳಿದ್ದೇ ಸರಿ, ನನ್ನದೇ ತಪ್ಪು, ಅಪ್ಪನಿಗೂ ಹೇಳಿಬಿಡು, ಕೀ ಚಿಕ್ಕವನ ಹತ್ತಿರವೇ ಇರಲಿ. ಆಮೇಲೆ ಅವನು ರಿಸೀವರನ್ನು ಚಾಚಿದ, ನಿನಗೇ ಕೊಡಬೇಕಂತೆ ಅಂದ. ಅವನು ಜಗುಲಿಗೆ ಹೋಗಿ ಬೆಂಚಿನ ಕೆಳಗೆ ಚಪ್ಪಲಿ ಹುಡುಕತೊಡಗಿದ. ಉಪ್ಪಿಟ್ಟಿನ ತಟ್ಟೆ ಬೆಂಚಿನ ಮೇಲೆ ಹಾಗೇ ಇತ್ತು, ರಂಗಕ್ಕ ಅದನ್ನು ಎತ್ತಿಕೊಂಡು ಒಳಗೆ ಹೋದಳು.

ಫೋನಿನಲ್ಲಿ ಅಕ್ಕ ಅಳುತ್ತಿದ್ದಳು. ಸಿಟ್ಟಿನ ಅಳುವಲ್ಲ ಅದು, ಎಷ್ಟೋ ದಿನದ ಹೊರೆ ಇಳಿಸಿದವಳ ಅಳು.

“ಅವರನ್ನ ಬಾಯಿಗೆ ಬಂದಂಗೆ ಅಂದೀನಿ ಕಣೋ,” ಅಂದಳು. “ನಾನು ಅನ್ನದಿದ್ರೆ ಈ ಮನೆಯೋರು ನಿನ್ನನ್ನ ಕೇಳ್ತಿದ್ರು. ಒಳಗೊಳಗೆ ನಂಗೇ ಅನುಮಾನ ಇತ್ತು, ನಿಂದೇನಾರ ತಪ್ಪೇನೋ ಅಂತ. ಒಂದು ಸಲ ಹೇಳು ಚೇತನ, ನಿಂದಲ್ಲ ತಾನೆ?”

ಬಾಗಿಲಿನಾಚೆ ಎರ್ರಿಸ್ವಾಮಿ ಚಪ್ಪಲಿಯ ಪಟ್ಟಿಯನ್ನು ಎಡಗೈಯಲ್ಲಿ ಹಾಕಿಕೊಳ್ಳಲು ಹೆಣಗುತ್ತಿದ್ದ, ಬಗ್ಗಿದ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

“ಅಲ್ಲ ಅಕ್ಕ,” ಎಂದ ಚೇತನ್‌ಕುಮಾರ್. “ನಂದಲ್ಲ.”